ಗೂನೀಸ್‌ನಲ್ಲಿ ಕೆಲಸದಾಕೆ, ಸೆಲೀನಾದಲ್ಲಿ ಕೊಲೆಗಾತಿ: ಈ ಲೂಪೆ ಓಂಟಿವೆರೋಸ್ ಬೇರೆ ಏನೇನ್ ಮಾಡಿದಾರೆ?

ಕಡ್ಲೆಪುರಿ:

ಎಲ್ರಿಗೂ ನಮಸ್ಕಾರ, ಒಂದು ಮುಖ ವಾರದಿಂದ ತಲೆ ತಿಂತಿತ್ತು ಅದಕ್ಕೇ ಇಲ್ಲಿ ಹಾಕ್ತಿದೀನಿ. ಹೋದ ಭಾನುವಾರ ಮಗನ ಜೊತೆ ಕೂತು ಗೂನೀಸ್ ನೋಡ್ದೆ, 1985ರದ್ದು, ಹುಡುಗ್ರು ನಿಧಿ ಹುಡುಕ್ಕೊಂಡ್ ಹೋಗೋ ಕಥೆ. ಶುರುನಲ್ಲೇ ಮನೆ ಸಾಮಾನು ಪ್ಯಾಕ್ ಮಾಡೋಕೆ ಸ್ಪ್ಯಾನಿಷ್ ಮಾತ್ರ ಬರೋ ಕೆಲಸದಾಕೆ ಒಬ್ಳು ಬರ್ತಾಳೆ, ರೊಸಲೀಟಾ ಅಂತ. ಮನೆಯಮ್ಮ ಇಂಗ್ಲಿಷಲ್ಲಿ ಹೇಳಿದ್ದನ್ನ ಒಬ್ಬ ತರ್ಲೆ ಹುಡುಗ ಸ್ಪ್ಯಾನಿಷ್‌ಗೆ ಹೇಳ್ತೀನಿ ಅಂತ ಹೋಗಿ ಏನೇನೋ ಭಯಂಕರವಾಗಿ ಹೇಳಿ ಆಯಮ್ಮನ ಜೀವ ಬಾಯಿಗೆ ಬರಿಸ್ತಾನೆ. ಮಗ ಬಿದ್ದೂ ಬಿದ್ದೂ ನಗ್ತಿದ್ದ, ನಂಗೆ ಮಾತ್ರ ಈ ಕಣ್ಣು ಎಲ್ಲೋ ನೋಡಿದೀನಲ್ಲಾ ಅಂತ. ಮೂರು ದಿನ ಆದ್ಮೇಲೆ ಪಾತ್ರೆ ತೊಳೀತಿರ್ಬೇಕಾದ್ರೆ ಹೊಳೀತು, ಸೆಲೀನಾ! 1997ರದ್ದು, ಸೆಲೀನಾ ಅನ್ನೋ ನಿಜವಾದ ಗಾಯಕಿ ಕಥೆ, ಆ ಪಾರ್ಟ್ ಜೆನಿಫರ್ ಲೋಪೆಜ್ ಮಾಡಿದ್ದು. ಅದ್ರಲ್ಲಿ ಫ್ಯಾನ್ ಕ್ಲಬ್ ನೋಡ್ಕೊಳೋ ಆ ನಗುಮುಖದ ಆಂಟಿ, ಕೊನೇಲಿ ಹುಡುಗೀನೇ ಕೊಲ್ತಾಳಲ್ಲ, ಅದೇ ಮುಖ!!

ಹೆಸರು ಹುಡುಕಿದೆ, ಲೂಪೆ ಓಂಟಿವೆರೋಸ್. 2012ರಲ್ಲೇ ತೀರ್ಕೊಂಡಿದಾರಂತೆ. ಆಮೇಲೆ ಓದ್ತಾ ಹೋದ್ರೆ ಎಲ್ಲಿ ನೋಡಿದ್ರೂ ಒಂದೇ ವಿಷ್ಯ, 150 ಸಲ ಮನೆಕೆಲಸದವಳ ಪಾರ್ಟ್ ಮಾಡಿದಾರೆ, 150 ಸಲ ಮನೆಕೆಲಸದವಳ ಪಾರ್ಟ್ ಮಾಡಿದಾರೆ. ಆಸ್ ಗುಡ್ ಆಸ್ ಇಟ್ ಗೆಟ್ಸ್ ಅಲ್ಲೂ ಪೇಂಟರ್ ಮನೆ ಕೆಲಸದಾಕೆ ಇವರೇ ಅಂತೆ, ನಾನು ಅದನ್ನ ಎರಡು ಸಲ ನೋಡಿದ್ರೂ ಗಮನಿಸೇ ಇಲ್ಲ, ಅದೂ ಒಂಥರಾ ನಾಚಿಕೆ ಆಯ್ತು.

ನನ್ನ ಪ್ರಶ್ನೆ ಇಷ್ಟೇ. ಇಷ್ಟು ಚೆನ್ನಾಗಿ ಆಕ್ಟ್ ಮಾಡೋರಿಗೆ ಬೇರೆ ಏನೂ ಸಿಗ್ಲೇ ಇಲ್ವಾ? ಸಿಕ್ಕಿದ್ರೆ ಯಾವುದು ನೋಡ್ಬೇಕು? ಮತ್ತೆ ಇನ್ನೊಂದು, ಅಷ್ಟು ಸಲ ಅದೇ ಪಾರ್ಟ್ ಯಾಕ್ ಒಪ್ಕೊಂಡ್ರು, ಒಂದ್ ಸಲನಾದ್ರೂ ಆಗಲ್ಲ ಅಂತ ಹೇಳ್ಬೋದಿತ್ತಲ್ಲ.

ಹೈವೇ_101:

ಒಳ್ಳೆ ಪ್ರಶ್ನೆ. ನಾನು ಲಾಸ್ ಏಂಜಲೀಸ್ ಕಡೆ 11 ವರ್ಷದಿಂದ ಇದೀನಿ, ಇಲ್ಲಿ ಮೆಕ್ಸಿಕನ್ ಅಮೆರಿಕನ್ ಫ್ರೆಂಡ್ಸ್ ಮುಂದೆ ಈ ಹೆಸರು ಹೇಳಿದ್ರೆ ತಮ್ಮ ಚಿಕ್ಕಮ್ಮನ ಬಗ್ಗೆ ಕೇಳ್ದಂಗೆ ಮುಖ ಅರಳಿಸ್ತಾರೆ, ಆಮೇಲೆ ಸೆಲೀನಾ ನೆನಪಾಗಿ ಬೈತಾರೆ ಕೂಡ.

ಮೊದ್ಲು ಒಂದು ಕ್ಲಿಯರ್ ಮಾಡ್ಬೇಕು. ಇವರು ಮೆಕ್ಸಿಕೋದಿಂದ ಬಂದೋರಲ್ಲ, ಟೆಕ್ಸಾಸ್‌ನ ಎಲ್ ಪಾಸೋದಲ್ಲಿ 1942ರಲ್ಲಿ ಹುಟ್ಟಿದ್ದು. ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದು ಅಲ್ಲೇ ಟಾರ್ಟಿಯಾ (ಅವರ ರೊಟ್ಟಿ) ಮಾಡೋ ಫ್ಯಾಕ್ಟರಿ ಮತ್ತೆ ಎರಡು ಹೋಟ್ಲು ಇಟ್ಟಿದ್ರು, ಅಂದ್ರೆ ಬಡತನದ ಮನೆ ಏನಲ್ಲ. ಡೆಂಟನ್‌ನಲ್ಲಿರೋ ಟೆಕ್ಸಾಸ್ ವುಮನ್ಸ್ ಯೂನಿವರ್ಸಿಟೀಲಿ ಓದಿ ಸೋಷಿಯಲ್ ವರ್ಕರ್ ಆಗಿ ವರ್ಷಗಟ್ಟಲೆ ದುಡಿದ್ರು. ಗಂಡನಿಗೆ ಗಾಡಿ ಬಿಸಿನೆಸ್ ಮಾಡೋ ಆಸೆ ಅಂತ ಇಬ್ರೂ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದು. ಮುಂದೆ ಕೆಲಸ ಬೇಜಾರಾಗಿ, ನರ್ಸಿಂಗ್ ಓದ್ಲಾ ಏನ್ ಮಾಡ್ಲಾ ಅಂತ ಯೋಚಿಸ್ತಿರ್ಬೇಕಾದ್ರೆ, ಸಿನಿಮಾಗೆ ಎಕ್ಸ್‌ಟ್ರಾಗಳು ಬೇಕು ಅಂತ ಎಲ್ಲೋ ಓದಿದ್ರಂತೆ, ಗಂಡನೇ ಹೋಗು ಅಂದ್ರಂತೆ. ಮೂವತ್ತು ದಾಟಿದ ಮೇಲೆ, ಮನೆ ಸಂಸಾರ ಎಲ್ಲಾ ಇಟ್ಕೊಂಡು, ಜೂನಿಯರ್ ಆರ್ಟಿಸ್ಟ್ ಆಗಿ ಶುರು ಮಾಡಿದ್ದು. ನಮ್ಮಲ್ಲಿ ಆ ವಯಸ್ಸಿಗೆ ಹೀರೋಯಿನ್‌ನೇ ಮನೆಗೆ ಕಳಿಸ್ತಾರೆ, ಇವರು ಆಗ ಮನೆಯಿಂದ ಹೊರಟ್ರು.

ಆಮೇಲೆ ನಾಟಕ. 1978ರಲ್ಲಿ ಲಾಸ್ ಏಂಜಲೀಸ್‌ನ ಮಾರ್ಕ್ ಟೇಪರ್ ಫೋರಂನಲ್ಲಿ ಲೂಯಿಸ್ ವಾಲ್ಡೆಜ್ ಅವರ ಝೂಟ್ ಸೂಟ್ ಬಂತು, 1942ರಲ್ಲಿ ಮೆಕ್ಸಿಕನ್ ಅಮೆರಿಕನ್ ಹುಡುಗರ ಮೇಲೆ ಗುಂಪು ಗುಂಪಾಗಿ ಕೊಲೆ ಕೇಸ್ ಹಾಕಿದ್ರಲ್ಲ ಆ ಘಟನೆ ಮೇಲೆ. ಅದ್ರಲ್ಲಿ ಹೀರೋ ತಾಯಿ ಡೊಲೊರೆಸ್ ಇವರೇ. ಮುಂದಿನ ವರ್ಷ ನಾಟಕ ಬ್ರಾಡ್‌ವೇಗೆ, ಅಂದ್ರೆ ನ್ಯೂಯಾರ್ಕಿನ ದೊಡ್ಡ ನಾಟಕ ಮಂದಿರಗಳಿಗೆ ಹೋಯ್ತು, 1981ರಲ್ಲಿ ಸಿನಿಮಾನೂ ಆಯ್ತು, ಅದ್ರಲ್ಲೂ ಇದಾರೆ. ಚಿಕಾನೊ, ಅಂದ್ರೆ ಮೆಕ್ಸಿಕನ್ ಅಮೆರಿಕನ್ನರ, ನಾಟಕ ಒಂದು ಬ್ರಾಡ್‌ವೇ ತನಕ ಹೋಗಿದ್ದು ಅದೇ ಮೊದಲು.

ಇನ್ನು ನೀವು ಕೇಳಿದ್ದು, ಯಾಕೆ ಒಪ್ಕೊಂಡ್ರು ಅಂತ. ಒಪ್ಪದೆ ಇದ್ರೆ ಬರ್ತಿದ್ದ ಫೋನ್ ಯಾವುದು ಹೇಳಿ? ಆಗಿನ ಟೀವೀಲಿ ಲ್ಯಾಟಿನಾ, ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದ, ಹೆಂಗಸು ಅಂದ್ರೆ ಮನೆಕೆಲಸದವಳು, ಇಲ್ಲಾ ಕೋರ್ಟಲ್ಲಿ ಅಳೋ ತಾಯಿ, ಇಲ್ಲಾ ಗಡಿ ದಾಟೋರು, ಅಷ್ಟೇ. 150ರ ಲೆಕ್ಕ ಅವರೇ ಅಂದಾಜಲ್ಲಿ ಹೇಳಿದ್ದು, ನಾಟಕ ಟೀವಿ ಸಿನಿಮಾ ಎಲ್ಲಾ ಸೇರಿಸಿ. ಸಿಟ್ಟು ಬರೋ ವಿಷ್ಯ ಇನ್ನೊಂದಿದೆ, ಇವರ ಇಂಗ್ಲಿಷ್ ಅಪ್ಪಟ ಟೆಕ್ಸಾಸಿನ ಇಂಗ್ಲಿಷ್, ಆದ್ರೆ ಆಡಿಷನ್‌ಗೆ ಹೋದ್ರೆ ಸ್ವಲ್ಪ ಆಕ್ಸೆಂಟ್ ಹಾಕಿ ಅನ್ನೋರು, ಎಷ್ಟು ದಪ್ಪಗೆ ಹಾಕಿದ್ರೆ ಅಷ್ಟು ಖುಷಿ ಅವರಿಗೆ. ಇದನ್ನ ಇಂಟರ್‌ವ್ಯೂಗಳಲ್ಲಿ ಮುಚ್ಚುಮರೆ ಇಲ್ದೆ ಹೇಳ್ಕೊಂಡಿದಾರೆ. ಗೂನೀಸ್‌ನಲ್ಲಿ ಇಂಗ್ಲಿಷೇ ಅರ್ಥ ಆಗದವಳಾಗಿ ನಿಂತಿರೋರು ಡಿಗ್ರಿ ಮುಗಿಸಿದ ಅಮೆರಿಕನ್ ಅಂತ ಗೊತ್ತಿಟ್ಕೊಂಡು ಆ ಸೀನ್ ಇನ್ನೊಂದ್ ಸಲ ನೋಡಿ, ನಗು ಎಲ್ಲಿಂದ ಬರ್ತಿದೆ ಗೊತ್ತಾಗುತ್ತೆ.

ಹಾಗಂತ ಅವರು ಆ ಪಾರ್ಟ್‌ಗಳನ್ನ ತುಚ್ಛವಾಗಿ ಮಾತಾಡ್ತಿರ್ಲಿಲ್ಲ. ಈ ದೇಶದ ಮನೆಗಳನ್ನ ನಿಜವಾಗ್ಲೂ ಗುಡಿಸಿ ಒರೆಸ್ತಿರೋ ಹೆಂಗಸ್ರನ್ನ ನಾನು ತೋರಿಸ್ತಿದೀನಿ, ಅದ್ರಲ್ಲಿ ನಂಗೆ ಹೆಮ್ಮೆ ಇದೆ ಅನ್ನೋ ಅರ್ಥದಲ್ಲೇ ಹೇಳ್ತಿದ್ರು. ಮೇಡ್ ಇನ್ ಅಮೆರಿಕ ಅಂತ ಮನೆಕೆಲಸದವರ ಮೇಲೆ ಒಂದು ಡಾಕ್ಯುಮೆಂಟರಿ ಇದೆ, ಅದಕ್ಕೆ ದನಿ ಕೊಟ್ಟಿದ್ದೂ ಇವರೇ.

ಫೇಡಾ_ಪ್ರಿಯ:

ಅಣ್ಣಾರ ನೀವು ಹೇಳಿದ್ದೆಲ್ಲಾ ಖರೇ ಐತಿ, ಆದ್ರ ನನಗ ಈ 150 ಅನ್ನೋ ಲೆಕ್ಕದ್ದ ಸಿಟ್ಟು ನೋಡ್ರಿ. ತೀರಿಕೊಂಡಾಗ ಪೇಪರ್‌ನ್ಯಾಗ ಅದ, ಈಗ ಇಲ್ಲಿನೂ ಅದ. ಆಕಿನ್ನ ಕೆಲಸದಾಕಿ ಅಂತ ಕೂಡಿಸಿದ್ದು ಹಾಲಿವುಡ್ಡು, ಆ ಎಣಿಕಿ ಹಿಡ್ಕೊಂಡು ಕುಂತಿದ್ದು ನಾವು.

ಪ್ರಶ್ನೆ ಕೇಳಿದವರಿಗೆ ನಾ ಹೇಳೋದು, ಮೊದಲ ಚಕ್ ಅಂಡ್ ಬಕ್ ನೋಡ್ರಿ, 2000ದ್ದು. ಡೈರೆಕ್ಟರ್ ಮಿಗೆಲ್ ಆರ್ಟೆಟಾ, ಬರದಾಂವ ಮೈಕ್ ವೈಟ್, ಬಕ್ ಆಗಿ ನಟಿಸಿದಾಂವನೂ ಅವನ. ಸಣ್ಣ ಡಿಜಿಟಲ್ ಕ್ಯಾಮರಾದಾಗ ಕಡಿಮಿ ರೊಕ್ಕದಾಗ ತಗದ ಸಿನಿಮಾ, ನೋಡಾಕ ಮದುವಿ ವಿಡಿಯೋ ಇದ್ದಂಗ ಕಾಣ್ತದ, ಅದಕ್ಕ ಹೆದರಿ ಬಂದ್ ಮಾಡಬ್ಯಾಡ್ರಿ. ಕಥಿ ಅಂದ್ರ 27 ವರ್ಷದವ ಬಕ್, ಮನಸ್ಸು ಮಾತ್ರ ಇನ್ನೂ ಸಣ್ಣ ಹುಡುಗಂದು, ಅವ್ವ ಸತ್ತ ಮ್ಯಾಲೆ ಬಾಲ್ಯದ ಗೆಳ್ಯಾನ ಹುಡುಕ್ಕೊಂಡು ಲಾಸ್ ಏಂಜಲೀಸ್‌ಗೆ ಬಂದು ಅವನ ಬೆನ್ನು ಬೀಳ್ತಾನ. ಗೆಳ್ಯಾನ ಆಫೀಸ್ ಎದುರಿಗೆ ಒಂದು ಸಣ್ಣ ನಾಟಕ ಮಂದಿರ, ಅದನ್ನ ನೋಡಿಕೊಳ್ಳಾಕಿ ಬೆವರ್ಲಿ, ಅಂದ್ರ ನಮ್ಮ ಲೂಪೆ. ಇಂವ ಒಂದು ಹುಚ್ಚು ನಾಟಕ ಬರಕೊಂಡು ಬಂದು ಡೈರೆಕ್ಟ್ ಮಾಡ್ರಿ ಅಂತ ರೊಕ್ಕ ಕೊಡ್ತಾನ, ಆಕಿ ತಗೊಂಡು ಮಾಡ್ತಾಳ.

ಅಷ್ಟ ನೋಡ್ರಿ ಪಾರ್ಟು, ಆದ್ರ ಆಕಿ ಅದರಾಗ ಏನ್ ಮಾಡ್ಯಾಳ ಅಂದ್ರ! ಇಡೀ ಸಿನಿಮಾದಾಗ ಎಲ್ಲಾರೂ ಬಕ್‌ನ ನೋಡಿ ಒಂದೋ ಅಸಹ್ಯ ಪಡ್ತಾರ ಇಲ್ಲಾ ಮರುಗ್ತಾರ. ಬೆವರ್ಲಿ ಎರಡೂ ಮಾಡಂಗಿಲ್ಲ, ನಮ್ಮೂರ ಸಾಲಿ ಹೆಡ್ ಬಾಯಾರು ಹುಡುಗರ್ನ ನೋಡ್ತಿದ್ರಲ್ಲ ಹಂಗ ನೋಡ್ತಾಳ, ಇರೋದನ್ನ ಮುಖಕ್ಕ ಹೇಳ್ತಾಳ, ಆದ್ರ ಕೈ ಬಿಡಂಗಿಲ್ಲ. ಆಕ್ಸೆಂಟ್ ಇಲ್ಲ, ಕಸಬರಗಿ ಇಲ್ಲ, ಆಕಿ ಯಾವ ಮಂದಿ ಅನ್ನೋ ಮಾತ ಬರಂಗಿಲ್ಲ. ಆ ಪಾರ್ಟ್ ಲ್ಯಾಟಿನಾಗೆ ಅಂತ ಬರದಿದ್ದಲ್ಲ, ಅದಕ್ಕ ಆಕಿಗೂ ಅದು ಭಾಳ ಹಿಡಿಸಿತ್ತು. ಅಮೆರಿಕಾದಾಗ ವರ್ಷಾ ಸಿನಿಮಾ ಪ್ರಶಸ್ತಿ ಕೊಡೋ ನ್ಯಾಷನಲ್ ಬೋರ್ಡ್ ಆಫ್ ರಿವ್ಯೂದವರು ಆ ವರ್ಷದ ಬೆಸ್ಟ್ ಸಪೋರ್ಟಿಂಗ್ ನಟಿ ಅಂತ ಆರಿಸಿದ್ರು, ಇಂಡಿಪೆಂಡೆಂಟ್ ಸ್ಪಿರಿಟ್ ಅವಾರ್ಡ್‌ಗೂ ನಾಮಿನೇಷನ್ ಬಂತು. ಆಗ ಆಕಿ ವಯಸ್ಸು 58 ನೋಡ್ರಿ! ಇಪ್ಪತ್ತು ವರ್ಷ ಟೀವಿದಾಗ ಬಾಗಿಲ ತಗದು ಒಳಗ ಬರ್ರಿ ಸೇನ್ಯೋರ್ ಅನಿಸಿದ್ರು, ರೊಕ್ಕ ಇಲ್ಲದ ಹುಡುಗರು ಬಂದು ಒಂದು ಪಾರ್ಟ್ ಕೊಟ್ರು.

ಪಾಪ್‌ಕಾರ್ನ್_ಪದ್ದು:

ಯಾರೂ ಡೆಸ್ಪರೇಟ್ ಹೌಸ್‌ವೈವ್ಸ್ ಹೇಳೇ ಇಲ್ವಲ್ರೀ!! ಅದ್ರಲ್ಲಿ ಅತ್ತೆ ಹ್ವಾನೀಟಾ ಸೊಲಿಸ್ ಇವರೇ ಕಣ್ರೀ, ಮೊದಲ ಸೀಸನ್, 2004ರಿಂದ 2005. ಸೊಸೆ ಗೇಬ್ರಿಯೆಲ್ ಅಂದ್ರೆ ಈವಾ ಲಾಂಗೋರಿಯಾ, ತೋಟದ ಹುಡುಗನ ಜೊತೆ ಸಂಬಂಧ, ಗಂಡನಿಗೆ ಡೌಟು, ಪತ್ತೆ ಮಾಡೋಕೆ ಅಂತ ಅಮ್ಮನ್ನ ಕರೆಸ್ಕೋತಾನೆ. ನಮ್ಮ ಕನ್ನಡ ಸೀರಿಯಲ್ ಅತ್ತೆಯರೆಲ್ಲ ಹುಬ್ಬು ಹಾರಿಸಿ ಮೂರು ಸಲ ಮುಖ ತಿರುಗಿಸಿದ್ರೆ ಬರೋ ಎಫೆಕ್ಟನ್ನ ಈಯಮ್ಮ ಸೋಫಾ ಮೇಲೆ ಸುಮ್ನೆ ಕೂತ್ಕೊಂಡೇ ತರ್ತಾರೆ. ಎಮ್ಮಿ ಅಂದ್ರೆ ಅಲ್ಲಿನ ದೊಡ್ಡ ಟೀವಿ ಪ್ರಶಸ್ತಿ, ಅದಕ್ಕೆ ನಾಮಿನೇಷನ್ ಬಂದಿತ್ತು 2005ರಲ್ಲಿ, ಸಿಗ್ಲಿಲ್ಲ, ಅದೇ ಸೀರಿಯಲ್ಲಿನ ಇನ್ನೊಬ್ರಿಗೆ ಹೋಯ್ತು. ಆ ಪಾತ್ರಕ್ಕೆ ಏನಾಗುತ್ತೆ ಹೇಳಲ್ಲ, ಆಸ್ಪತ್ರೆ ಮೆಟ್ಟಿಲು ಅಂತ ಮಾತ್ರ ಹೇಳ್ತೀನಿ 🙈

ಅದಕ್ಕೂ ಮುಂಚೆ 2002ರಲ್ಲಿ ಗ್ರೀಟಿಂಗ್ಸ್ ಫ್ರಮ್ ಟೂಸಾನ್ ಅಂತ ಒಂದು ಕಾಮಿಡಿ ಬಂದಿತ್ತು ಅದ್ರಲ್ಲಿ ಅಜ್ಜಿ, ಒಂದೇ ಸೀಸನ್‌ಗೆ ಮುಚ್ತು. ಕೊನೆಗೆ 2012ರಲ್ಲಿ ರಾಬ್ ಅಂತ, ಅದ್ರಲ್ಲೂ ಅಜ್ಜಿ, ಅದೂ 8 ಎಪಿಸೋಡ್‌ಗೆ ಮುಚ್ತು. ಕೆಲಸದಾಕೆಯಿಂದ ಅತ್ತೆ, ಅತ್ತೆಯಿಂದ ಅಜ್ಜಿ, ಇದೂ ಒಂಥರಾ ಪ್ರಮೋಷನ್ನೇ ಬಿಡಿ ಹ್ಹ ಹ್ಹ.

ಹೊಲಿಗೆಮಿಷನ್:

ನಾನು ಸಾಮಾನ್ಯವಾಗಿ ಇಲ್ಲಿ ಓದ್ಕೊಂಡ್ ಹೋಗೋನು, ಬರೆಯಲ್ಲ. ಆದ್ರೆ ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್ ಹೆಸರು ಯಾರೂ ಹೇಳಿಲ್ಲ ಅಂತ ಬರೀತಿದೀನಿ.

ನಮ್ಮಮ್ಮ ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಿದ್ರು, 14 ವರ್ಷ, ಟೈಲರ್ ಆಗಿ. ಈ ಸಿನಿಮಾ 2002ರದ್ದು, ಡೈರೆಕ್ಟರ್ ಪೆಟ್ರೀಶಿಯಾ ಕಾರ್ಡೋಸೊ, ಹೊಸೆಫೀನಾ ಲೋಪೆಜ್ ಅವರ ನಾಟಕ ಇಟ್ಕೊಂಡು ಮಾಡಿದ್ದು. ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್ ಅನ್ನೋ ಏರಿಯಾ, ಆನಾ ಅಂತ ಹುಡುಗಿ, ಹೈಸ್ಕೂಲ್ ಮುಗಿಸಿದಾಳೆ, ಕಾಲೇಜಿಗೆ ಹೋಗ್ಬೇಕು. ಅಕ್ಕ ಒಂದು ಚಿಕ್ಕ ಹೊಲಿಗೆ ಫ್ಯಾಕ್ಟರಿ ನಡೆಸ್ತಾಳೆ, ಅಮ್ಮ ಕಾರ್ಮೆನ್ ಅಲ್ಲೇ ಹೊಲೀತಾಳೆ, ನೀನೂ ಬಾ ಅಂತ ಇವಳನ್ನೂ ಎಳ್ಕೊಂಡ್ ಹೋಗ್ತಾರೆ. ಆ ಅಮ್ಮ ಲೂಪೆ. ಮಗಳು ಅಮೆರಿಕ ಫೆರೆರಾ, ಅವರಿಗೆ ಅದೇ ಮೊದಲ ಸಿನಿಮಾ, ಆಮೇಲೆ ಅಗ್ಲಿ ಬೆಟ್ಟಿ ಅನ್ನೋ ಸೀರಿಯಲ್‌ನಲ್ಲಿ ಬೆಟ್ಟಿ ಆಗಿ ಎಲ್ರಿಗೂ ಗೊತ್ತಾದ್ರು. ಸನ್‌ಡ್ಯಾನ್ಸ್ ಅಂತ ಚಿಕ್ಕ ಬಜೆಟ್ ಸಿನಿಮಾಗಳ ಫೆಸ್ಟಿವಲ್‌ನಲ್ಲಿ ಅಮ್ಮ ಮಗಳು ಇಬ್ರಿಗೂ ಸೇರಿಸಿ ಆಕ್ಟಿಂಗ್‌ಗೆ ವಿಶೇಷ ಜ್ಯೂರಿ ಪ್ರಶಸ್ತಿ ಕೊಟ್ರು.

ಅದ್ರಲ್ಲಿ ಒಂದು ಲೆಕ್ಕ ಬರುತ್ತೆ. ಒಂದು ಡ್ರೆಸ್ ಹೊಲಿದ್ರೆ ಫ್ಯಾಕ್ಟರಿಗೆ 18 ಡಾಲರ್, ಅದೇ ಡ್ರೆಸ್ ದೊಡ್ಡ ಅಂಗಡೀಲಿ 600 ಡಾಲರ್. ಇದನ್ನ ಕೇಳಿದಾಗ ನಾನು ಸಿನಿಮಾ ನಿಲ್ಲಿಸಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ, ಯಾಕಂದ್ರೆ ಅಮ್ಮ ಒಂದ್ ಸಲ ಮಾಲ್‌ನಲ್ಲಿ ಒಂದು ಶರ್ಟ್ ಕಾಲರ್ ಹಿಡ್ಕೊಂಡು, ಇದು ನಮ್ ಲೈನಿನ ಹೊಲಿಗೆ ಕಣೋ ಅಂದು, ರೇಟ್ ಚೀಟಿ ತಿರುಗಿಸಿ ನೋಡಿ ಏನೂ ಮಾತಾಡ್ದೆ ವಾಪಸ್ ನೇತುಹಾಕಿದ್ರು.

ಕಾರ್ಮೆನ್ ಒಳ್ಳೆ ಅಮ್ಮ ಅಲ್ಲ. ಮಗಳು ದಪ್ಪ ಅಂತ ಎಲ್ರ ಮುಂದೆ ಚುಚ್ತಾಳೆ, ಹುಷಾರಿಲ್ಲ ಅಂತ ನಾಟಕ ಮಾಡ್ತಾಳೆ, ಮುಟ್ಟು ನಿಂತಿದ್ದನ್ನ ಬಸುರಿ ಅಂತ ನಂಬ್ಕೊಂಡು ಕೂತಿರ್ತಾಳೆ. ಸೆಖೆ ತಡೆಯೋಕಾಗ್ದೆ ಫ್ಯಾಕ್ಟರಿ ಹೆಂಗಸ್ರೆಲ್ಲ ಬಟ್ಟೆ ಬಿಚ್ಚಿ ನಗ್ತಾ ಹೊಲಿಯೋ ಸೀನ್‌ನಲ್ಲಿ ಮುಖ ಕೆಟ್ಟದ್ಮಾಡ್ಕೊಂಡು ಎದ್ದು ಹೋಗೋಳು ಅವಳೇ. ಬೇರೆ ಯಾರಾದ್ರೂ ಮಾಡಿದ್ರೆ ವಿಲನ್ ಆಗ್ಬಿಡ್ತಿತ್ತು. ಲೂಪೆ ಮಾಡಿದ್ರಲ್ಲಿ ಚಿಕ್ಕ ವಯಸ್ಸಿಂದ ದುಡಿದೂ ದುಡಿದೂ ಬಗ್ಗಿದ ಬೆನ್ನು ಕಾಣುತ್ತೆ, ನಾನು ಪಟ್ಟಿದ್ದನ್ನ ನೀನು ಯಾಕೆ ಪಡಬಾರದು ಅನ್ನೋ ಒಂದು ಹೊಟ್ಟೆಕಿಚ್ಚೂ ಕಾಣುತ್ತೆ, ಅದನ್ನ ಮುಚ್ಚಿಡೋಕೆ ಹೋಗಿಲ್ಲ ಅವರು. ಕೊನೇಲಿ ಮಗಳು ನ್ಯೂಯಾರ್ಕ್‌ಗೆ ಹೊರಟಾಗ ರೂಮಿನ ಬಾಗಿಲು ತೆಗೆಯಲ್ಲ. ನಮ್ ಸಿನಿಮಾ ಆಗಿದ್ರೆ ಬಸ್‌ಸ್ಟ್ಯಾಂಡಿಗೆ ಓಡಿ ಬಂದು ಚಕ್ಕುಲಿ ಡಬ್ಬ ಕೊಡೋರು. ಇಲ್ಲಿ ತೆಗೆಯಲ್ಲ ಅಷ್ಟೇ.

ಕಡ್ಲೆಪುರಿ:

@ಹೊಲಿಗೆಮಿಷನ್ ನೀವು ದಯವಿಟ್ಟು ಇನ್ನೂ ಬರೀರಿ. ಶರ್ಟ್ ವಿಷ್ಯ ಓದಿ ನಾನೂ ಸುಮ್ನಾದೆ.

ಆದ್ರೂ ಹೈವೇ ಅವರೇ, ನೀವು ಹೇಳಿದ ಒಪ್ಪದೆ ಇದ್ರೆ ಫೋನ್ ಬರ್ತಿರ್ಲಿಲ್ಲ ಅನ್ನೋದು ನಂಗೆ ಪೂರ್ತಿ ಒಪ್ಪಿಗೆ ಆಗ್ತಿಲ್ಲ. ಅವರ ಹತ್ರ ಡಿಗ್ರಿ ಇತ್ತು, ಬೇರೆ ಕೆಲಸ ಇತ್ತು, ಹೊಟ್ಟೆಪಾಡಿಗೆ ಗತಿ ಇಲ್ಲ ಅಂತ ಏನಿರ್ಲಿಲ್ಲ. ಅಂಥೋರೇ ದಪ್ಪ ಆಕ್ಸೆಂಟ್ ಹಾಕಿ ಕೊಟ್ರೆ ಮುಂದೆ ಬರೋ ಹುಡುಗೀರಿಗೂ ಅದೇ ಕೇಳ್ತಾರಲ್ವಾ? ನಮ್ಮಲ್ಲೂ ಉಮಾಶ್ರೀ ಅವರನ್ನ ಎಷ್ಟು ವರ್ಷ ಡಬಲ್ ಮೀನಿಂಗ್ ಕಾಮಿಡಿಗೆ ಮಾತ್ರ ಇಟ್ಕೊಂಡಿದ್ರು, ಒಡಲಾಳದ ಸಾಕವ್ವನ್ನ ಸ್ಟೇಜ್ ಮೇಲೆ ನೋಡಿದೋರಿಗೆ ಮಾತ್ರ ಗೊತ್ತಿತ್ತು ಅವರು ಏನು ಅಂತ. ಗುಲಾಬಿ ಟಾಕೀಸ್ ಬಂದು ನ್ಯಾಷನಲ್ ಅವಾರ್ಡ್ ಬರೋ ತನಕ ಕಾಯ್ಬೇಕಾಯ್ತು.

ಹೈವೇ_101:

ಉಮಾಶ್ರೀ ಹೋಲಿಕೆ ಅರ್ಧ ಸರಿ ಅರ್ಧ ತಪ್ಪು. ಚಿಕ್ಕ ಬಜೆಟ್ಟಿನ ಸಿನಿಮಾ ಬಂದು ದೊಡ್ಡ ಇಂಡಸ್ಟ್ರಿ ಕಾಣದೆ ಇದ್ದಿದ್ದನ್ನ ತೋರಿಸ್ತು ಅನ್ನೋದು ಸರಿ. ಆದ್ರೆ ಉಮಾಶ್ರೀ ಅವರಿಗೆ ನೀವು ಕನ್ನಡ ಮಾತಾಡೋ ಥರ ಇಲ್ಲ, ಸ್ವಲ್ಪ ಹೊರಗಿನವರ ಥರ ಮಾತಾಡಿ ಅಂತ ಅವರ ಸ್ವಂತ ಊರಲ್ಲೇ ಯಾರೂ ಹೇಳ್ಲಿಲ್ಲವಲ್ಲ. ಲೂಪೆಗೆ ಅಡ್ಡ ಬಂದಿದ್ದು ಅದು.

ದುಡ್ಡಿನ ವಿಷ್ಯಾನೂ ಇದೆ. ಇಲ್ಲಿ ಯೂನಿಯನ್ ನಿಯಮದ ಪ್ರಕಾರ ಟೀವಿ ಎಪಿಸೋಡ್ ಮರುಪ್ರಸಾರ ಆದ್ರೆ ಆಕ್ಟರ್‌ಗೆ ಚೂರುಪಾರು ದುಡ್ಡು ಬರ್ತಾ ಇರುತ್ತೆ, ರೆಸಿಡ್ಯುವಲ್ ಅಂತಾರೆ. ಎರಡು ಸೀನಿನ ಪಾರ್ಟ್ ಹತ್ತಾರು ಮಾಡಿದ್ರೆ ಅದೇ ಸೇರಿ ಒಂದು ಆಸರೆ ಆಗುತ್ತೆ. ಸನ್‌ಡ್ಯಾನ್ಸ್‌ಗೆ ಹೋಗೋ ಸಿನಿಮಾಗಳು ಕೊಡೋದು ಹೆಸರು, ಮನೆ ಬಾಡಿಗೆ ಅಲ್ಲ. ಹಾಗಾಗಿ ಆ ಟೀವಿ ಪಾರ್ಟ್‌ಗಳು ಇದ್ದಿದ್ದಕ್ಕೇ ಇವರು ಆ ಲೈನಲ್ಲಿ ಉಳ್ಕೊಂಡು ಆರ್ಟೆಟಾ ಥರದೋರ ಕೈಗೆ ಸಿಕ್ಕಿದ್ದು ಅಂತ ನನ್ನ ಲೆಕ್ಕ. ಮತ್ತೆ ನಾಟಕ ಅವರು ಬಿಟ್ಟಿರ್ಲಿಲ್ಲ, ಅದು ಬೇರೆ.

ಮತ್ತೆ ಕೆಲಸದಾಕೆ ಪಾರ್ಟ್ ಅಂದ್ರೆ ಎಲ್ಲಾ ಒಂದೇ ಅಲ್ಲ ಸಾರ್. 1983ರ ಎಲ್ ನೋರ್ಟೆ ನೋಡಿ, ಗ್ರೆಗರಿ ನಾವಾ ಅವರದ್ದು, ಸೆಲೀನಾನೂ ಅವರದ್ದೇ. ಗ್ವಾಟೆಮಾಲಾದಿಂದ ಜೀವ ಉಳಿಸ್ಕೊಂಡು ಅಣ್ಣ ತಂಗಿ ಗಡಿ ದಾಟಿ ಬರ್ತಾರೆ, ತಂಗಿ ರೋಸಾಗೆ ಈ ಊರಲ್ಲಿ ಬದುಕೋದು ಹೇಗೆ ಅಂತ ಹೇಳ್ಕೊಡೋಳು ನಾಚಾ, ಅದು ಲೂಪೆ. ಹೊಲಿಗೆ ಫ್ಯಾಕ್ಟರಿ ಮೇಲೆ ರೈಡ್ ಆದಾಗ ಇಬ್ರೂ ತಪ್ಪಿಸ್ಕೊಂಡು, ಆಮೇಲೆ ಮನೆ ಕ್ಲೀನಿಂಗ್‌ಗೆ ಹೋಗ್ತಾರೆ. ಅಲ್ಲಿ ಮನೆಯಮ್ಮ ವಾಷಿಂಗ್ ಮಷಿನ್ ಬಟನ್‌ಗಳನ್ನ ಪಟಪಟ ವಿವರಿಸ್ತಾಳೆ, ರೋಸಾಗೆ ತಲೆಬುಡ ಗೊತ್ತಾಗಲ್ಲ, ಕೊನೆಗೆ ಬಟ್ಟೆನೆಲ್ಲಾ ಕೈಯಲ್ಲೇ ಒಗೆದು ಹುಲ್ಲಿನ ಮೇಲೆ ಹರಡಿಬಿಡ್ತಾಳೆ. ಗೂನೀಸ್‌ದೂ ಇದೇ ಸನ್ನಿವೇಶ, ಭಾಷೆ ಬರದ ಕೆಲಸದಾಕೆ, ಅರ್ಥ ಆಗದ ಸೂಚನೆ. ಒಂದರಲ್ಲಿ ಕ್ಯಾಮರಾ ಮನೆಯವರ ಕಡೆ ನಿಂತಿದೆ, ಇನ್ನೊಂದರಲ್ಲಿ ಕೆಲಸದವರ ಕಡೆ. ಎರಡು ವರ್ಷದ ಅಂತರದಲ್ಲಿ ಎರಡರಲ್ಲೂ ಲೂಪೆ ಇದಾರೆ.

ಫೇಡಾ_ಪ್ರಿಯ:

ಹಂಗಾದ್ರ ಸ್ಟೋರಿಟೆಲ್ಲಿಂಗ್‌ನೂ ಸೇರಿಸ್ರಿ, ಟಾಡ್ ಸೊಲೋಂಡ್ಜ್‌ಂದು, 2001. ಅದರಾಗ ಕನ್ಸುವೆಲೊ ಅಂತ ಕೆಲಸದಾಕಿ, ಮತ್ತ ಲೂಪೆನ. ಶ್ರೀಮಂತರ ಮನ್ಯಾಗಿನ ಸಣ್ಣ ಹುಡುಗ ಆಕಿ ಹಿಂದ ಹಿಂದ ಅಡ್ಡಾಡಿ ಸುಸ್ತಾದವಳಿಗೆ ಬಡತನದ ಬಗ್ಗೆ ಪ್ರಶ್ನೆ ಕೇಳ್ತಾನ, ಭಾಳ ಮುಗ್ಧ ಇದ್ದಂಗ ಕಾಣ್ತಾನ, ಒಂದೊಂದು ಮಾತು ಸೂಜಿ ಚುಚ್ಚಿದಂಗ. ಆಕಿ ಒರಸ್ಕೋತ ಒರಸ್ಕೋತ ಎರಡೆರಡು ಶಬ್ದದಾಗ ಉತ್ತರ ಕೊಡ್ತಾಳ. ಗೂನೀಸ್‌ದಾಗ ಹುಡುಗರ ಕೈಯಾಗ ಸಿಕ್ಕು ಸುಮ್ನ ನಿಂತಿದ್ಲಲ್ಲ, ಇದರಾಗ ಕೊನಿಗೆ ಸುಮ್ನ ಇರಂಗಿಲ್ಲ. ಅಷ್ಟ ಹೇಳ್ತೀನಿ. ಮಕ್ಕಳ ಮುಂದ ಮಾತ್ರ ಹಚ್ಚಬ್ಯಾಡ್ರಿ ಮಾರಾಯ್ರ, ಆಮ್ಯಾಲೆ ನನಗ ಬೈಬ್ಯಾಡ್ರಿ. ಚಕ್ ಅಂಡ್ ಬಕ್‌ನೂ ಮಕ್ಕಳಿಗಲ್ಲ, ಮೊದಲ ಹೇಳಬೇಕಾಗಿತ್ತು.

ಪಾಪ್‌ಕಾರ್ನ್_ಪದ್ದು:

ಗೂನೀಸ್ ಗೂನೀಸ್ ಅಂತ ಬೈತಿದೀರಲ್ಲ, ಕ್ಲೈಮ್ಯಾಕ್ಸ್ ಮರೆತ್ರಾ? ಮನೆ ಬರ್ಕೊಡೋ ಪೇಪರ್‌ಗೆ ಅಪ್ಪ ಇನ್ನೇನು ಸೈನ್ ಹಾಕ್ಬೇಕು, ಆಗ ಹುಡುಗನ ಗೋಲಿ ಚೀಲದಲ್ಲಿ ವಜ್ರ ಇದೆ ಅಂತ ಕಂಡು ಕೂಗಿ ನಿಲ್ಸೋದು ರೊಸಲೀಟಾನೇ ಕಣ್ರೀ. ಅಷ್ಟೂ ಹುಡುಗ್ರು ಗುಹೆ ಎಲ್ಲಾ ಸುತ್ತಿ ಬಂದ್ರೂ ಮನೆ ಉಳಿಸಿದ್ದು ಬಟ್ಟೆ ಜೇಬು ನೋಡೋ ಕೆಲಸದಾಕೆ 😄

ಕಡ್ಲೆಪುರಿ:

ಅಪ್‌ಡೇಟ್: ನಿನ್ನೆ ರಾತ್ರಿ ಮಗ ಮಲಗಿದ್ಮೇಲೆ ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್ ನೋಡ್ದೆ. ಪಕ್ಕದಲ್ಲಿ ಅಮ್ಮನೂ ಕೂತಿದ್ರು, ಇಂಗ್ಲಿಷ್ ಅಷ್ಟಕ್ಕಷ್ಟೇ, ನಾನು ಮಧ್ಯ ಮಧ್ಯ ಹೇಳ್ತಿದ್ದೆ. ಕಾರ್ಮೆನ್ ಮಗಳಿಗೆ ತಿನ್ನೋದ್ರ ಬಗ್ಗೆ ಚುಚ್ಚೋ ಸೀನ್ ಬಂದಾಗ ನಾನು ತರ್ಜುಮೆ ಮಾಡೋಕೆ ಬಾಯಿ ತೆಗೆದೆ, ಅಮ್ಮ ಬೇಡ ಬಿಡೇ ಗೊತ್ತಾಯ್ತು ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ, ನಾನೂ ನಿಂಗೆ ಹಾಗೇ ಅಂತಿದ್ನಾ ಅಂತ ಕೇಳಿದ್ರು. ನಾನು ವಾಲ್ಯೂಮ್ ಜಾಸ್ತಿ ಮಾಡ್ದೆ.

ಚಕ್ ಅಂಡ್ ಬಕ್ ಶನಿವಾರಕ್ಕೆ, ಒಬ್ಳೇ ನೋಡ್ತೀನಿ.